ಮಗ್ಗದ ಎದುರಿನ ಗೋಡೆ

ಪೋಸ್ಟರುಗಳ ಬಗ್ಗೆ ಮಾತಾಡಿ ಮಾತಾಡಿ ದಣಿದಿದ್ದೇನೆ. ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು, ನಿವೃತ್ತಳಾದರೂ ಜನ ಬಿಡುವುದಿಲ್ಲ. ಜೂನ್ ತಿಂಗಳು ಹತ್ತಿರ ಬಂತೆಂದರೆ ಎಲ್ಲಿಂದಲೋ ಫೋನು ಬರುತ್ತದೆ. ತುರ್ತು ಪರಿಸ್ಥಿತಿಯ ನೆನಪಿಗೆ ಒಂದು ಕಾರ್ಯಕ್ರಮವಿದೆ ಮೇಡಂ, ಸರ್ವಾಧಿಕಾರ ನಡೆಯುವಾಗ ಪ್ರಚಾರ ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಧ ಗಂಟೆ ಮಾತಾಡಿ ಎನ್ನುತ್ತಾರೆ. ನಾನು ಹೋಗುತ್ತೇನೆ. ಅವೇ ಹಳೆಯ ಚಿತ್ರಗಳನ್ನು ಪರದೆಯ ಮೇಲೆ ಬಿಟ್ಟು ಅದೇ ಮಾತು ಹೇಳುತ್ತೇನೆ. ನೋಡಿ, ಯಾವ ದೇಶದ ಪೋಸ್ಟರಾದರೂ ನಾಯಕ ನಿಮ್ಮನ್ನು ನೋಡುವುದಿಲ್ಲ, ದೂರ ನೋಡುತ್ತಾನೆ. ಅಲ್ಲಿ ಏನೋ ಇದ್ದೀತು ಎಂದು ನೀವೂ ಅತ್ತ ಕತ್ತು ತಿರುಗಿಸುತ್ತೀರಿ. ಮಗುವೊಂದು ಹೂ ಹಿಡಿದು ನಿಂತಿರುತ್ತದೆ. ಬೆಳೆ ಎದೆಯೆತ್ತರ ಬಂದಿರುತ್ತದೆ. ಹೆದರಿಸುವ ಪೋಸ್ಟರಿಗಿಂತ ನಗುವ ಪೋಸ್ಟರಿಗೆ ಕಸುವು ಜಾಸ್ತಿ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ. ಇಂಥ ಸುಳ್ಳನ್ನು ಜನ ಹೇಗೆ ನಂಬಿದರು ಮೇಡಂ? ಕೇಳುವವರ ಮುಖದಲ್ಲಿ ನಾವಾಗಿದ್ದರೆ ನಂಬುತ್ತಿರಲಿಲ್ಲ ಎಂಬ ಧಿಮಾಕು ಇರುತ್ತದೆ. ಸಿಟ್ಟು ಬರುತ್ತದೆ ನನಗೆ. ಆದರೂ ಪುಸ್ತಕದಲ್ಲಿರುವ ಉತ್ತರ ಕೊಟ್ಟು, ನೀರು ಕುಡಿದು, ಬಸ್ಸು ಹಿಡಿದು ಮನೆಗೆ ಬರುತ್ತೇನೆ. ನಿಜವಾದ ಉತ್ತರ ಗಜೇಂದ್ರಗಡದ ನಮ್ಮ ಮನೆಯ ಒಂದು ಗೋಡೆಯ ಮೇಲಿತ್ತು. ಅದನ್ನು ಯಾವ ಸಭೆಯಲ್ಲೂ ಹೇಳಿಲ್ಲ, ಹೇಳುವ ಉಮೇದೂ ಬಂದಿರಲಿಲ್ಲ.

ಆ ಮನೆಯೆಂದರೆ ಒಂದು ಉದ್ದನೆಯ ಪಡಸಾಲೆ, ಅದರ ಹಿಂದೆ ಹಗಲಿನಲ್ಲೂ ಕತ್ತಲೆ ತುಂಬಿದ ಅಡುಗೆಮನೆ, ಪಕ್ಕದಲ್ಲಿ ದೇವರಿಗೂ ಜೋಳದ ಚೀಲಗಳಿಗೂ ಸೇರಿ ಒಂದೇ ಕೋಣೆ. ಪಡಸಾಲೆಯ ಮುಕ್ಕಾಲು ಪಾಲು ಮಗ್ಗದ್ದು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಕುಣಿಮಗ್ಗ. ಅಪ್ಪ ಎದ್ದರೆ ಕಾಕಾ ಇಳಿಯುತ್ತಿದ್ದ, ಕಾಕಾ ಎದ್ದರೆ ಅಪ್ಪ. ಈರಣ್ಣ ಕಾಕಾ ಅಪ್ಪನ ತಮ್ಮ, ಅವನಿಗಿಂತ ಬಹಳ ಚಿಕ್ಕವನು, ಗಟ್ಟಿ ಆಳು. ಅಪ್ಪ ತಿಪ್ಪಣ್ಣನಿಗೆ ದಮ್ಮಿನ ಕಾಟ. ಮಳೆಗಾಲದಲ್ಲಿ ಎದೆ ಸುಂಯ್‌ಗುಡತೊಡಗಿದರೆ ಅವನ ಪಾಳಿಗೆ ಕಾಕಾ ಕೂಡುತ್ತಿದ್ದ. ಕಾಕಾ ಹೆಂಡತಿಯ ತವರು ಸೂಡಿಗೆ ಹೋದರೆ ಆ ಪಾಳಿಗೆ ಅಪ್ಪ. ಸೀರೆ ಸಾವುಕಾರನ ಅಂಗಡಿಗೆ ಹೋದ ಮೇಲೆ ಇಷ್ಟು ಗೇಣು ಅಣ್ಣನದು, ಇಷ್ಟು ತಮ್ಮನದು ಎಂದು ಯಾರು ಹೇಳಿಯಾರು? ನಾವು ನಾಲ್ಕು ಮಕ್ಕಳೂ ಹಾಗೆಯೇ ಇದ್ದೆವು. ಹುಟ್ಟಿದ್ದು ಅಪ್ಪ ಅವ್ವನಿಗೆ, ಆದರೆ ಉಣ್ಣುವಾಗ ಕೈ ಹಾಕುತ್ತಿದ್ದುದು ಕಾಕಾನ ಗಂಗಾಳಕ್ಕೆ, ಮಲಗುತ್ತಿದ್ದುದು ಚಿಗವ್ವನ ಮಗ್ಗುಲಲ್ಲಿ. ಅಳುವಾಗ ಯಾರು ಕೈಗೆ ಸಿಕ್ಕರೆ ಅವರ ಕೊರಳಿಗೆ ಜೋತು ಬೀಳುತ್ತಿದ್ದೆವು.

ಚಿಗವ್ವ ಎಂದರೆ ಕಾಕಾನ ಹೆಂಡತಿ ನೀಲವ್ವ. ಸೂಡಿಯಿಂದ ಲಗ್ನವಾಗಿ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಅವಳ ಕೈಬೆರಳುಗಳನ್ನು ಇಡೀ ಓಣಿಯೇ ಹೊಗಳುತ್ತಿತ್ತು. ನಮ್ಮ ಕಡೆಯ ಸೀರೆಗೆ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ನೂಲಿನೆಳೆಯ ತುದಿಯನ್ನು ಸೆರಗಿನ ಒಂದೊಂದು ರೇಷ್ಮೆಯೆಳೆಯ ತುದಿಗೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗು ಸೊಟ್ಟಗಾಗುತ್ತದೆ. ಚಿಗವ್ವ ಕೊಂಡಿ ಹಾಕಲು ಕುಳಿತರೆ ನನ್ನೊಂದಿಗೆ ಹರಟೆ ಹೊಡೆಯುತ್ತಲೇ ಇರುತ್ತಿದ್ದಳು, ಬೆರಳುಗಳು ತಮ್ಮ ಪಾಡಿಗೆ ನಡೆದಿರುತ್ತಿದ್ದವು. ಎಳೆ ಕಡಿಯಿತು ಎಂದು ಯಾರಾದರೂ ಕೂಗಿದರೆ ಅವಳೇ ಹೋಗಬೇಕು. ಅವಳು ಕೂಡಿಸಿದ ಜಾಗ ಬಿಸಿಲಿಗೆ ಹಿಡಿದರೂ ಕಾಣುತ್ತಿರಲಿಲ್ಲ. ಸೊಸೆಯಂದಿರನ್ನು ಹೊಗಳುವ ಚಾಳಿಯೇ ಇಲ್ಲದ ಆಯಿ, ಅಂದರೆ ಅಪ್ಪನ ಅವ್ವ, ಅವಳ ಕೊಂಡಿಯ ವಿಷಯ ಬಂದಾಗ ಮಾತ್ರ ಸುಮ್ಮನಾಗುತ್ತಿದ್ದಳು.

ಮಗ್ಗದ ಎದುರಿಗೆ ಒಂದು ಗೋಡೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಇಡೀ ಮನೆಯಲ್ಲಿ ಚಂದ ಕಾಣುವ ಜಾಗ ಅದೊಂದೇ. ಸಾವುಕಾರ ಹೊಸ ದಡಿಯೋ, ಅಂದರೆ ಅಂಚೋ, ಹೊಸ ಸೆರಗೋ ಬೇಕೆಂದಾಗ ಕಾಗದದ ಮೇಲೆ ಬರೆಸಿದ ನಮೂನೆಯನ್ನು ಕೊಡುತ್ತಿದ್ದ. ಅಪ್ಪ ಅದನ್ನು ಹಾಸಿನ ನೂಲಿಗೆ ಹಚ್ಚಿ ಉಳಿದ ಗಂಜಿಯಿಂದಲೇ ಆ ಗೋಡೆಗೆ ಅಂಟಿಸುತ್ತಿದ್ದ. ಕುಣಿಯಲ್ಲಿ ಕುಳಿತವನು ತಲೆ ಎತ್ತಿದರೆ ಅದೇ ಕಾಣಬೇಕು. ಅಲ್ಲಿ ಹಚ್ಚಿದ್ದನ್ನು ನೇಯಬೇಕು. ಇದು ನಮ್ಮ ಮನೆಯ ಕಟ್ಟಳೆ. ನಾನು ಸಣ್ಣವಳಿದ್ದಾಗ ಒಮ್ಮೆ ಬಳಪದಿಂದ ಅಲ್ಲಿ ಒಂದು ಆನೆ ಬರೆದಿದ್ದೆ. ಆಯಿ ಅದನ್ನು ಒರೆಸುತ್ತ, ಈಗ ನಿಮ್ಮಪ್ಪ ಆನೆ ನೇಯಬೇಕಾಗತೈತಿ ನೋಡು ಎಂದು ಬೈದಳು. ನಾನು ಹಲವು ದಿನ ಸೀರೆಯಲ್ಲಿ ಆನೆ ಬರುತ್ತದೆಂದು ಕಾದೆ.

ಆ ಗೋಡೆಗೆ ಪೋಸ್ಟರು ಬಂದದ್ದು ನಮ್ಮ ಓಣಿಯಲ್ಲೇ ಇದ್ದ ಸಾಲಿ ಮಾಸ್ತರರಿಂದ. ತುರ್ತು ಪರಿಸ್ಥಿತಿ ಬಂದಿತ್ತು, ಊರಿನಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ. ಚಹಾದಂಗಡಿಯ ಕಟ್ಟೆಯ ಮೇಲೆ ಪೇಪರು ಓದಿ ಜಗಳಾಡುತ್ತಿದ್ದವರು ಪೇಪರು ಮಡಚಿಟ್ಟು ಮಳೆಯ ಬಗ್ಗೆ ಮಾತಾಡತೊಡಗಿದ್ದರು. ಯಾರನ್ನೋ ಒಳಗೆ ಹಾಕಿದರಂತೆ ಎಂಬ ಸುದ್ದಿ ಬರುತ್ತಿತ್ತು, ಯಾರನ್ನು ಎಂದು ಕೇಳಿದರೆ ಹೇಳಿದವನೇ ಎದ್ದು ಹೋಗುತ್ತಿದ್ದ. ಬಸ್ಸಿನೊಳಗೆ ಕಡಿಮೆ ಮಾತಾಡಿ ಹೆಚ್ಚು ದುಡಿಯಿರಿ ಎಂಬರ್ಥದ ಬರಹ ಇತ್ತು. ಅದನ್ನು ನಾನು ಓದಿ ಹೇಳಿದಾಗ ಆಯಿ, ಮಾತಾಡದ ದುಡ್ಯಾಕ ನಾವೇನ ಎತ್ತೇನ ಎಂದು ಜೋರಾಗಿ ಅಂದಳು. ಅಪ್ಪ ಹೆದರಿ ಅವಳ ಬಾಯಿಗೆ ಕೈ ಅಡ್ಡ ಹಿಡಿದ. ಇಂಥ ದಿನಗಳಲ್ಲಿ ಮಾಸ್ತರರು ಸುರುಳಿ ಸುತ್ತಿದ ದಪ್ಪ ಕಾಗದಗಳನ್ನು ಬಗಲಲ್ಲಿಟ್ಟುಕೊಂಡು ಮನೆಮನೆಗೆ ಹಂಚುತ್ತ ಬಂದರು. ದಪ್ಪ ಕಾಗದ ಪುಕ್ಕಟೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಮಣ್ಣಿನ ಗೋಡೆ ಉದುರಿ ಹಾಸಿನ ಮೇಲೆ ಧೂಳು ಬೀಳುವುದು ನೇಕಾರರ ಮನೆಯ ದೊಡ್ಡ ತಲೆನೋವು. ಅಪ್ಪ ಗಂಜಿ ಸವರಿ, ಮಗ್ಗದ ಎದುರಿಗೇ, ನಮೂನೆಯ ಜಾಗಕ್ಕೇ ಅದನ್ನು ಹಚ್ಚಿಬಿಟ್ಟ.

ಹೆಂಚಿನ ಮನೆ, ಮನೆಯ ಮುಂದೆ ಹೂವಿನ ಗಿಡ, ಗಿಡದ ಮುಂದೆ ಗಂಡ ಹೆಂಡತಿ, ಅವರ ಮುಂದೆ ಒಬ್ಬ ಹುಡುಗ ಒಬ್ಬಳು ಹುಡುಗಿ. ಮೂಲೆಯಲ್ಲಿ ಬೋರಲು ಬಿದ್ದ ಒಂದು ಕೆಂಪು ತ್ರಿಕೋನ, ಕುಟುಂಬ ಯೋಜನೆಯ ಗುರುತು. ಕೆಳಗೆ ದೊಡ್ಡ ಅಕ್ಷರದಲ್ಲಿ ಎರಡೇ ಮಕ್ಕಳು ಸಾಕು ಎಂದು ಬರೆದಿತ್ತು. ಮನೆಯಲ್ಲಿ ಓದು ಬರುತ್ತಿದ್ದುದು ನನಗೆ ಮತ್ತು ಅಲ್ಪಸ್ವಲ್ಪ ಕಾಕಾನಿಗೆ. ಉಳಿದವರು ನೇಕಾರರು ನಮೂನೆ ನೋಡುವಂತೆ ನೋಡಿದರು, ಅಂದರೆ ಇದನ್ನು ನೇಯುವುದು ಹೇಗೆ ಎಂದು.

“ಎಂಥಾ ದಡಿ ಕೊಟ್ಟಾನ ನೋಡ್ರಿ ಆಕಿ ಸೀರಿಗೆ,” ಅಂದ ಅಪ್ಪ. “ಹಸರ ಮ್ಯಾಲ ಕೆಂಪು ಭಾಳ ಚಲೋ ಒಪ್ಪೇತಿ.”

“ಆಕಿ ಕೈಯಾಗ ಏನೂ ಕೆಲಸಿಲ್ಲ,” ಅಂದಳು ಅವ್ವ. ರೊಟ್ಟಿಯ ಹಿಟ್ಟು ಮೆತ್ತಿದ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. “ಸುಮ್ಮನ ನಿಂತಾಳ ನೋಡು, ನಡು ಹಗಲಿನಾಗ.”

ಆಯಿ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಮೂಲೆ ಮೂಲೆ ಹುಡುಕಿದಳು.

“ಈ ಮನ್ಯಾಗ ಮುದುಕಿ ಎಲ್ಲಿ ಅದಾಳ?”

“ಒಳಗ ಅಡಿಗಿ ಮಾಡಾಕ ಹತ್ತಿರಬೇಕು ಬಿಡವ್ವಾ,” ಅಂದ ಕಾಕಾ ನಗುತ್ತ.

“ಸುಳ್ಳ ಹೇಳಬ್ಯಾಡ. ಆಕೀನ್ನ ಹೊರಗ ಹಾಕ್ಯಾರ ಅವರು. ಇಂಥಾದ್ದನ್ನ ಆ ಗ್ವಾಡಿಗೆ ಹಚ್ಚೂದ ಚಲೋ ಅಲ್ಲ ತಿಪ್ಪಣ್ಣಾ. ಅಲ್ಲಿ ಹಚ್ಚಿದ್ದನ್ನ ಈ ಮನ್ಯಾಗ ನೇಯ್ತಾರ.”

ಈಗ ಪರದೆಯ ಮುಂದೆ ನಿಂತು ಕೋಲು ಹಿಡಿದು ನಾನು ಹೇಳುವುದರಲ್ಲಿ ಅರ್ಧವನ್ನು ಆ ಹೊತ್ತು ಆ ಮೂವರು ಹೇಳಿ ಮುಗಿಸಿದ್ದರು. ಪೋಸ್ಟರು ಏನನ್ನು ತೋರಿಸಿದೆ ಎಂಬುದಕ್ಕಿಂತ ಯಾರನ್ನು ಬಿಟ್ಟಿದೆ ಎಂದು ನೋಡಬೇಕು. ಮುದುಕಿ ಇಲ್ಲ, ದುಡಿಮೆ ಇಲ್ಲ, ದವಾಖಾನೆ ಇಲ್ಲ, ಕತ್ತರಿ ಇಲ್ಲ. ಆದರೆ ಒಂದು ಮಾತು ನನಗೆ ಬಹಳ ತಡವಾಗಿ ತಿಳಿಯಿತು. ಬಿಟ್ಟದ್ದನ್ನು ಕಂಡುಹಿಡಿದವರೂ ಆ ಚಿತ್ರವನ್ನು ನಂಬುತ್ತಾರೆ. ಅಪ್ಪ ದಡಿಯನ್ನು ನಂಬಿದ, ಅವ್ವ ಆ ಬಿಡುವಾದ ಕೈಯನ್ನು ನಂಬಿದಳು. ಬೈದ ಆಯಿ ಕೂಡ ಆ ಹೂವಿನ ಗಿಡ ಯಾವುದೆಂದು ನನ್ನನ್ನು ಕೇಳಿದ್ದಳು.

ಚಿಗವ್ವನ ನೂಲಿನ ರಾಟಿ ಆ ಗೋಡೆಗೆ ಮುಖ ಮಾಡಿಯೇ ಇರುತ್ತಿತ್ತು. ದೂರ ನೋಡುವ ನಾಯಕರ ಪೋಸ್ಟರು ಅದಲ್ಲವಲ್ಲ, ಮಕ್ಕಳಿಬ್ಬರೂ ನೇರ ನೋಡುವವರ ಕಣ್ಣನ್ನೇ ನೋಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿಂದ ನೋಡಿದೆ, ಕುಣಿಯೊಳಗೆ ಇಳಿದು ನೋಡಿದೆ, ಎಲ್ಲಿ ಹೋದರೂ ಕಣ್ಣು ಹಿಂದೆಯೇ ಬರುತ್ತಿದ್ದವು. ಚಿಗವ್ವ ರಾಟಿ ತಿರುಗಿಸುತ್ತ ಮೊದಮೊದಲು ಅವರನ್ನು ಬೈಯುತ್ತಿದ್ದಳು. ಏನ ನೋಡ್ತೀರಿ, ಹೋಗಿ ಸಾಲಿ ಕಲೀರಿ ಅನ್ನುತ್ತಿದ್ದಳು. ಆಮೇಲೆ ಹೆಸರಿಟ್ಟಳು. ಹುಡುಗ ಶಿವು, ಹುಡುಗಿ ಗಿರಿಜಾ. ಶಿವು ಹಟಮಾರಿ, ಗಿರಿಜಾಳಿಗೆ ಪುಂಡಿಪಲ್ಯ ಸೇರುವುದಿಲ್ಲ. ನಾನು ಉಣ್ಣಲು ತಕರಾರು ತೆಗೆದರೆ, ನೋಡು ಗಿರಿಜಾ ಹೆಂಗ ಉಣತಾಳ ಎಂದು ಗೋಡೆ ತೋರಿಸುತ್ತಿದ್ದಳು. ನಿನ್ನೆ ಸೇರುವುದಿಲ್ಲ ಅಂದಿದ್ದಿಯಲ್ಲ ಎಂದು ನಾನು ಸಿಕ್ಕಿಸಿದರೆ, ನಿನ್ನೆ ಆಕಿಗೆ ಹೊಟ್ಟಿ ನೋವಿತ್ತು ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಅವೇ ಎರಡು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇನ್ನೂ ಏನೂ ಇಲ್ಲವೇ ಎಂದು ಸೂಡಿಯಿಂದ ಬಂದವರು ಕೇಳಿದಾಗ ಚಿಗವ್ವ ನಾಚದೆ, ಆಗ್ತಾವ ಬಿಡ್ರಿ, ಮೊದಲ ಹುಡುಗ ಆಮ್ಯಾಲೆ ಹುಡಿಗಿ ಅಂದಿದ್ದಳು. ಮಕ್ಕಳು ಕಡಿಮೆಯಾಗಲಿ ಎಂದು ದಿಲ್ಲಿಯವರು ಮಾಡಿಸಿ ಕಳಿಸಿದ ಚಿತ್ರ ನಮ್ಮ ಮನೆಯಲ್ಲಿ ಮಕ್ಕಳ ಆಸೆ ಹುಟ್ಟಿಸಿ ಕುಳಿತಿತ್ತು.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಮಾಸ್ತರರು ಬಂದು ಕಟ್ಟೆಯ ಮೇಲೆ ಕುಳಿತರು. ಮುಖ ಇಳಿದುಹೋಗಿತ್ತು. ಅವ್ವ ಚರಿಗೆಯಲ್ಲಿ ನೀರು ಕೊಟ್ಟಳು. ಮೇಲಿನವರು ಪ್ರತಿಯೊಬ್ಬ ಮಾಸ್ತರನೂ ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಜನ ತರಬೇಕೆಂದು ಹುಕುಂ ಮಾಡಿದ್ದರು. ತರದವರನ್ನು ದೂರದ ಊರಿಗೆ ಎತ್ತಿ ಹಾಕುತ್ತಾರೆಂಬ ಮಾತಿತ್ತು. ಮಾಸ್ತರರ ಹೆಂಡತಿ ಹಾಸಿಗೆ ಹಿಡಿದಿದ್ದರು.

“ತಿಪ್ಪಣ್ಣಾ, ನಿನಗ ನಾಕ ಮಕ್ಕಳದಾವ. ನೀ ಒಬ್ಬಾಂವ ಬಂದ್ರ ನಾ ಉಳಕೋತೀನಿ.”

“ಬರತೀನ್ರಿ ಮಾಸ್ತರ, ಬರಂಗಿಲ್ಲ ಅಂದೇನ್ರಿ?” ಅಂದ ಅಪ್ಪ. ಅಷ್ಟು ಅನ್ನುವುದರಲ್ಲಿ ಕೆಮ್ಮು ಬಂದು ಗೋಡೆ ಹಿಡಿದುಕೊಂಡ. ಆ ವಾರ ಅವನ ದಮ್ಮು ಜೋರಾಗಿತ್ತು.

“ಅಂವ ಎಲ್ಲಿ ಬರತಾನ್ರಿ,” ಅಂದಳು ಆಯಿ. “ಅಲ್ಲೇ ಜೀವ ಬಿಟ್ಟಾನು.”

ಕಾಕಾ ಕುಣಿಯಿಂದ ಎದ್ದು ಬಂದ. ಮೈಮೇಲಿನ ನೂಲಿನ ಧೂಳು ಝಾಡಿಸಿಕೊಳ್ಳುತ್ತ, ಅಪ್ಪನಿಗೆ ಜ್ವರ ಬಂದಾಗ ಅನ್ನುತ್ತಿದ್ದ ಅದೇ ದನಿಯಲ್ಲಿ ಅಂದ:

“ಅಣ್ಣನ ಪಾಳಿ ನಾ ಹೋಗತೀನಿ.”

ಮಾಸ್ತರರು ತಲೆ ಎತ್ತಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಿಂದ ಚಿಗವ್ವನ ದನಿ ಬಂತು.

“ಅಲ್ಲಿ ಏನ ಮಾಡ್ತಾರಂತ್ರಿ ಮಾಸ್ತರ?”

“ಏನಿಲ್ಲವ್ವಾ. ಒಳಗಿನ ಒಂದ ಎಳಿ ಕಡದು ಗಂಟ ಹಾಕ್ತಾರ. ಅಷ್ಟ.”

“ಎಳೀನ?” ಚಿಗವ್ವ ನಕ್ಕಳು. ಅವಳು ನಕ್ಕದ್ದಕ್ಕೆ ಅವ್ವ ನಕ್ಕಳು, ಅಪ್ಪನೂ ಕೆಮ್ಮಿನ ನಡುವೆ ನಕ್ಕ. “ಎಳಿ ಕಡದರ ಕೂಡಸಾಕ ಬರತೈತಲ್ರಿ?”

“ಬರತೈತಿ ಅಂತಾರ,” ಅಂದರು ಮಾಸ್ತರರು ಚರಿಗೆಯ ನೀರನ್ನು ನೋಡುತ್ತ. “ದೊಡ್ಡ ದವಾಖಾನ್ಯಾಗ.”

ಬೇರೆ ಯಾರ ಮನೆಯಲ್ಲಾದರೂ ಈ ಮಾತಿಗೆ ಜನ ಹೆದರುತ್ತಿದ್ದರೇನೋ. ಒಕ್ಕಲಿಗರ ಮನೆಯಲ್ಲಿ ಕಡಿದ ಬೇರು ಚಿಗುರುವುದಿಲ್ಲವೆಂದು ಗೊತ್ತಿರುತ್ತದೆ, ಕುಂಬಾರರ ಮನೆಯಲ್ಲಿ ಒಡೆದದ್ದು ಒಡೆದದ್ದೇ. ನಮ್ಮ ಮನೆಯಲ್ಲಿ ಮಾತ್ರ ಕಡಿದ ಎಳೆಗೆ ಯಾರೂ ಅತ್ತವರಲ್ಲ. ದಿನವೂ ಕಡಿಯುತ್ತಿತ್ತು, ದಿನವೂ ಕೂಡುತ್ತಿತ್ತು, ಕೂಡಿಸುವವಳು ಬಾಗಿಲ ಮರೆಯಲ್ಲೇ ನಿಂತಿದ್ದಳು. ಹೆದರಿಕೆ ಇತ್ತು, ನಿಜ. ಆ ವರ್ಷ ಎಲ್ಲರಿಗೂ ಇತ್ತು. ಆದರೆ ಕಾಕಾ ಹೆದರಿಕೊಂಡು ಹೋಗಲಿಲ್ಲ, ಯಾರೂ ಅವನನ್ನು ಎಳೆದೊಯ್ಯಲಿಲ್ಲ. ಮರುದಿನ ಬೆಳಿಗ್ಗೆ ರೊಟ್ಟಿ ಗಂಟು ಹಿಡಿದು ಹೊರಟವನಿಗೆ ಚಿಗವ್ವ ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನು ಪಕ್ಕದಲ್ಲೇ ನಿಂತು ನಾನು ಕೇಳಿದ್ದೇನೆ.

“ಲಗೂ ಬರ್ರಿ. ಎಳಿ ಕೂಡಸೂದು ನಾ ನೋಡ್ಕೊಂತೀನಿ.”

ಸಂಜೆ ಕಾಕಾ ಕಾಲು ಅಗಲಿಸಿ ನಡೆಯುತ್ತ ಬಂದ. ಡೇರೆ ಹಾಕಿದ್ದರಂತೆ, ಸಾಲು ಹಚ್ಚಿ ಕೂಡಿಸಿದ್ದರಂತೆ. ಡೇರೆಯ ಬಾಯಲ್ಲಿ ಕುಳಿತವನು ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದನಂತೆ. ಕಾಕಾ ನಾಕು ಅದಾವ್ರಿ ಎಂದು ನಮ್ಮ ನಾಲ್ವರ ಹೆಸರನ್ನೂ ಹೇಳಿದನಂತೆ. ಅದರಲ್ಲಿ ಸುಳ್ಳಿನ ಅಂಶವೇ ಇರಲಿಲ್ಲ. ಮನೆಯಲ್ಲಿ ಇದ್ದದ್ದು ನಾಲ್ಕೇ. ಬರೆದುಕೊಂಡವನಿಗೆ ಮುಂದೆ ಕೇಳುವ ವ್ಯವಧಾನ ಇರಲಿಲ್ಲ, ಹಿಂದೆ ಸಾಲು ಉದ್ದ ಇತ್ತು. ಆಯಿ ನುಚ್ಚು ಮಜ್ಜಿಗೆ ಕಲಸಿ ಕೊಟ್ಟಳು. ಅಪ್ಪ ಕೆಮ್ಮುತ್ತಲೇ ಕುಣಿಗೆ ಇಳಿದು ತಮ್ಮನ ಪಾಳಿ ನೇಯ್ದ.

ಸುಗ್ಗಿ ಮುಗಿಯುವ ಹೊತ್ತಿಗೆ ಚಿಗವ್ವ ಹುಬ್ಬಳ್ಳಿಗೆ ಹೋಗೋಣವೆಂದು ಹೊರಟಳು. ಕೊಂಡಿ ಹಾಕಿಸಿಕೊಂಡು ಬರೋಣ ಎಂದೇ ಅವಳು ಅಂದದ್ದು. ಅಲ್ಲಿಯ ಬೋರ್ಡುಗಳನ್ನು ಲಗುಬಗೆಯಿಂದ ಓದಲು ನನ್ನನ್ನೂ ಕರೆದುಕೊಂಡರು. ರೋಣ, ನರಗುಂದ ದಾಟಿ ಬಸ್ಸು ಹೋಗುತ್ತಿದ್ದಾಗ ಚಿಗವ್ವ ಕಿಟಕಿಯಿಂದ ಹೊರಗೆ ನೋಡುತ್ತ ಖುಷಿಯಾಗಿದ್ದಳು. ಗೋಡೆ ಸಿಕ್ಕಲ್ಲೆಲ್ಲ ಅದೇ ಪೋಸ್ಟರು ಇತ್ತು. ನೋಡಲ್ಲೇ ಶಿವು, ನೋಡಲ್ಲೇ ಗಿರಿಜಾ ಎಂದು ನನಗೆ ತೋರಿಸುತ್ತಿದ್ದಳು. ದೊಡ್ಡ ದವಾಖಾನೆಯಲ್ಲಿ ನಡುವಯಸ್ಸಿನ ಡಾಕ್ಟರು ಕಾಕಾನನ್ನು ಒಳಗೆ ನೋಡಿ ಬಂದು ಕೈ ತೊಳೆದುಕೊಂಡರು.

“ನಿನಗ ಮಕ್ಕಳ ಇಲ್ಲಂತ ಅವರಿಗೆ ಹೇಳಲಿಲ್ಲೇನಪ್ಪಾ?”

“ಮನ್ಯಾಗ ನಾಕ ಅದಾವ್ರಿ,” ಅಂದ ಕಾಕಾ.

ಡಾಕ್ಟರು ಚಿಗವ್ವನ ಕಡೆ ತಿರುಗಿದರು. “ಇದು ಕೂಡಂಗಿಲ್ಲವ್ವಾ. ಭಾಳ ಕಡದು ತಗದಾರ. ಕೂಡಿಸಿದರೂ ಒಳಗ ದಾರಿ ಮುಚ್ಚಿಹೋಗಿರತೈತಿ.”

“ಎಷ್ಟ ಸಣ್ಣಾದು ಐತ್ರಿ ಅದು?”

“ಯಾವುದು?”

“ಎಳಿರಿ. ರೇಷ್ಮಿಕಿಂತ ಸಣ್ಣಾದೇನ್ರಿ?”

ಡಾಕ್ಟರು ನಗಲಿಲ್ಲ. ಅವಳ ಬೆರಳುಗಳನ್ನು ನೋಡಿದರು. ರೇಷ್ಮೆ ಹಿಡಿದು ಹಿಡಿದು ತುದಿಯಲ್ಲಿ ಗೆರೆ ಬಿದ್ದ ಬೆರಳುಗಳು.

“ಇಲ್ಲವ್ವಾ. ರೇಷ್ಮಿಕಿಂತ ದಪ್ಪನ ಐತಿ.”

“ಹಂಗಾರ ಯಾಕ ಕೂಡಂಗಿಲ್ರಿ?”

ಅದಕ್ಕೆ ಅವರು ಏನೋ ಬಹಳ ಹೇಳಿದರು. ಚಿಗವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡೂ ಕೈಗಳ ಹೆಬ್ಬೆರಳು ತೋರುಬೆರಳು ಮುಂದಕ್ಕೆ ಬಂದು, ಗಾಳಿಯಲ್ಲಿ ಏನನ್ನೋ ಸಿಕ್ಕಿಸಿ ಎಳೆದು ನೋಡುತ್ತಿದ್ದವು. ಕಾಕಾ ಅವಳ ಕೈ ಹಿಡಿದು ಕೆಳಗಿಳಿಸಿ, ಏಳು ಹೋಗೂಣು ಅಂದ. ಬರುವಾಗ ಬಸ್ಸಿನಲ್ಲಿ ಅವಳು ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ನಾನು ಆಗ ತೊಡೆಯ ಮೇಲೆ ಕೂಡುವಷ್ಟು ಸಣ್ಣವಳೇನಲ್ಲ. ಹೊರಗೆ ಗೋಡೆಗಳು ಬಂದವು, ಅವಳು ನೋಡಲಿಲ್ಲ.

ಕೆಲವು ದಿನಗಳಲ್ಲಿ ಚುನಾವಣೆ ಬಂತು, ದಿಲ್ಲಿಯಲ್ಲಿ ಕುಳಿತವರು ಬಿದ್ದರು. ಊರಿನಲ್ಲಿ ಜನ ಮತ್ತೆ ಗಂಟಲು ಬಿಚ್ಚಿದರು. ಹುಡುಗರು ಪೋಸ್ಟರುಗಳನ್ನು ಹರಿದು, ಸುಟ್ಟು, ಆ ಜಾಗಕ್ಕೆ ಬೇರೆ ಮುಖಗಳನ್ನು ಅಂಟಿಸಿದರು. ಅಪ್ಪ ಅದನ್ನು ನೋಡಿಕೊಂಡು ಸೀದಾ ಮನೆಗೆ ಬಂದ. ಹುಬ್ಬಳ್ಳಿಯಿಂದ ಬಂದಾಗಿನಿಂದ ಅವನು ತಮ್ಮನ ಮುಖ ನೋಡಿ ಮಾತಾಡಿದ್ದಿಲ್ಲ. ಅಡುಗೆಮನೆಯ ಕುಡಗೋಲು ತೆಗೆದುಕೊಂಡು ಪೋಸ್ಟರಿನ ಮೇಲಿನ ಅಂಚಿಗೆ ಹಾಕಿ ಕೆರೆಯತೊಡಗಿದ. ಹೆಂಚಿನ ಮನೆಯೂ ಗಂಡ ಹೆಂಡತಿಯ ತಲೆಯೂ ಉದುರಿದವು. ರಾಟಿಯ ಮುಂದಿದ್ದ ಚಿಗವ್ವ ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಭಾವನ ಮುಂದೆ ಅವಳು ತಲೆಯ ಮೇಲಿನ ಸೆರಗು ಸರಿದಿದ್ದರೂ ಹಾಗೇ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಭಾವಾರ, ಹರೀಬ್ಯಾಡ್ರಿ. ನನ್ನ ಮಕ್ಕಳದಾವ ಅಲ್ಲಿ.”

ಅಪ್ಪನ ಕೈಯಿಂದ ಕುಡಗೋಲು ಬಿತ್ತು. ಅಲ್ಲೇ ಕುಣಿಯ ಅಂಚಿನಲ್ಲಿ ಕುಳಿತು ಹೆಂಗಸರಂತೆ ಅತ್ತ. ಅವನು ಅತ್ತದ್ದು ನೋಡಿ ನಾವೂ ಅತ್ತೆವು. ಕಾಕಾ ಹೊರಗಿನ ಕಟ್ಟೆಯ ಮೇಲೆ ಕುಳಿತವನು ಒಳಗೆ ಬರಲಿಲ್ಲ. ಕೊನೆಗೆ ಆಯಿಯೇ ಎದ್ದು ಗಂಜಿಯ ಗಡಿಗೆ ತಂದಳು. ಹರಿಯುವುದೂ ಬೇಡ, ನೋಡುತ್ತ ಕೂಡುವುದೂ ಬೇಡ, ಮ್ಯಾಲ ಹಾಳಿ ಹಚ್ಚು ಅಂದಳು. ಅವ್ವ ಹಳೆಯ ಪೇಪರು ಹಚ್ಚಿದಳು. ಆಮೇಲೆ ಪ್ರತಿ ದೀಪಾವಳಿಗೂ ಅದರ ಮೇಲೊಂದು ಪದರ ಏರುತ್ತ ಹೋಯಿತು. ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಮಾಸ್ತರರು ಓಣಿಯಲ್ಲಿ ಎದುರಾದರೆ ಚಿಗವ್ವನೇ ಮೊದಲು ಅವರ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದಳು. ಒಂದು ಮಾತ್ರ ಬದಲಾಯಿತು. ಅಪ್ಪ ತನ್ನ ಪಾಳಿಯನ್ನು ಮತ್ತೆ ಕಾಕಾನಿಗೆ ಕೊಡಲಿಲ್ಲ. ದಮ್ಮು ಬರಲಿ, ಜ್ವರ ಬರಲಿ, ಕುಣಿಯಲ್ಲಿ ತಾನೇ ಕೂಡುತ್ತಿದ್ದ. ಏಳಣ್ಣಾ ಎಂದು ಕಾಕಾ ಕರೆದರೆ ಕೇಳಿಸದವನಂತೆ ಲಾಳಿ ಎಸೆಯುತ್ತಿದ್ದ. ನಾನು ಓದಿ, ನೌಕರಿ ಹಿಡಿದು, ಆ ಮನೆಯಿಂದ ದೂರವಾದೆ. ಬೇರೆ ದೇಶಗಳ ಪೋಸ್ಟರುಗಳನ್ನು ಹುಡುಕಿ ಹುಡುಕಿ ನೋಡಿದ್ದು, ಅವುಗಳಲ್ಲಿ ಬಿಟ್ಟವರನ್ನು ಹುಡುಕುತ್ತ ಆಯಸ್ಸು ಕಳೆದದ್ದು ಇದೇ ಗೋಡೆಯಿಂದಾಗಿ ಎಂದು ನನಗೇ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಈಗ ಆ ಮನೆಯಲ್ಲಿ ನನ್ನ ತಮ್ಮನ ಸಂಸಾರ, ನಿವೃತ್ತಿಯ ಮೇಲೆ ಮರಳಿ ಬಂದ ನಾನು ಮತ್ತು ಚಿಗವ್ವ ಇದ್ದೇವೆ. ಉಳಿದ ಹಿರಿಯರೆಲ್ಲ ಹೋದರು. ಕಾಕಾನಿಗೆ ಬೆಂಕಿ ಇಟ್ಟವನು ನನ್ನ ತಮ್ಮ. ಹೋದ ಬೇಸಿಗೆಯಲ್ಲಿ ಮಗ್ಗದ ಎದುರಿನ ಗೋಡೆ ಹೊಟ್ಟೆ ಬಿಟ್ಟಿತು. ಕೆಡವಿ ಹೊಸದು ಕಟ್ಟಬೇಕೆಂದು ತಮ್ಮ ಪೇಪರಿನ ಪದರಗಳನ್ನು ಬಿಡಿಸತೊಡಗಿದ. ಗಂಜಿ ಕುಡಿದ ಕಾಗದ ದಪ್ಪ ರೊಟ್ಟಿಯಂತೆ ಒಟ್ಟಿಗೇ ಎದ್ದು ಬಂತು. ತಳದಲ್ಲಿ ಆ ಪೋಸ್ಟರು ಇತ್ತು. ಮೇಲಿನ ಮನೆ ಇಲ್ಲ, ಗಂಡ ಹೆಂಡತಿಯ ತಲೆ ಇಲ್ಲ. ಮಕ್ಕಳಿಬ್ಬರೂ, ಕೆಳಗಿನ ಅಕ್ಷರವೂ ಹಾಗೆಯೇ ಇದ್ದವು. ಹಳೆಯ ಪೋಸ್ಟರೊಂದು ಮನೆಯಲ್ಲಿ ಸಿಕ್ಕಿದೆ ಎಂದಷ್ಟನ್ನು ನಾನು ಯಾವುದೋ ಸಭೆಯಲ್ಲಿ ಬಾಯಿತಪ್ಪಿ ಆಡಿದೆ. ಆಮೇಲೆ ವಸ್ತುಪ್ರದರ್ಶನ ಮಾಡುವವರ ಕಡೆಯಿಂದ ಒಬ್ಬಳು ಹುಡುಗಿ ಅದನ್ನು ಕೇಳಿಕೊಂಡು ಬಂದಳು. ಒಳ್ಳೆಯ ಹುಡುಗಿ. ಪೋಸ್ಟರು ನನ್ನದಲ್ಲ, ಅವಳನ್ನು ಕೇಳು ಎಂದು ಚಿಗವ್ವನನ್ನು ತೋರಿಸಿದೆ. ಕೊಡುವುದು ಬೇಡವೆಂದೇ ಒಳಗೊಳಗೆ ಬಯಸುತ್ತಿದ್ದೆ.

ಚಿಗವ್ವ ಗೋಡೆಗೆ ಒರಗಿ ಕುಳಿತು, ಕಾಗದವನ್ನು ತೊಡೆಯ ಮೇಲೆ ಹಾಸಿಕೊಂಡು, ಸೆರಗಿನ ತುದಿಯಿಂದ ಮಕ್ಕಳ ಮುಖದ ಧೂಳು ಒರೆಸಿದಳು. ಅವಳ ಕಣ್ಣು ಈಗ ಮಂಜು, ಬೆರಳು ನಡುಗುತ್ತವೆ.

“ಒಂಚೂರೂ ಬೆಳದಿಲ್ಲ ನೋಡ ಕಸ್ತೂರಿ.”

“ಚಿತ್ರ ಹೆಂಗ ಬೆಳೀತೈತಿ ಚಿಗವ್ವಾ,” ಅಂದೆ.

“ಹೌದ ಬಿಡು.” ಕಾಗದವನ್ನು ಹುಡುಗಿಯ ಕಡೆ ಸರಿಸಿದಳು. “ಒಯ್ಯವ್ವಾ. ಬಿಸಲಾಗ ಇಡಬ್ಯಾಡ, ಬಣ್ಣ ಹೋಗತೈತಿ.”

ಹುಡುಗಿ ಅದನ್ನು ಜೋಪಾನವಾಗಿ ಎರಡು ರಟ್ಟುಗಳ ನಡುವೆ ಇಟ್ಟಳು. ಹೊರಡುವ ಮೊದಲು ಫೋನು ಮುಂದೆ ಹಿಡಿದು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಯನ್ನೇ ಕೇಳಿದಳು. ಅವಳ ಮುಖದಲ್ಲಿ ಧಿಮಾಕು ಇರಲಿಲ್ಲ.

“ಅಜ್ಜಿ, ಇದನ್ನ ನೋಡಿ ನೀವು ನಂಬಿದ್ರಾ?”

ಚಿಗವ್ವ ಕೈಗೆ ಅಂಟಿದ ಧೂಳನ್ನು ಸೆರಗಿಗೆ ಒರೆಸಿಕೊಂಡಳು.

“ನಂಬಿದ್ನೆವ್ವಾ. ಯಾಕ ನಂಬಬಾರದು? ಎರಡ ಸಾಕು ಅಂತ ಬರದಾರ. ಖರೇನ ಐತಿ. ನನಗ ಎರಡ ಸಾಕಾಗಿದ್ವು.”